ಕಣ್ಣಿಗೆ ಪರದಾ ಬಂದ್ರ ವಯಸ್ಸು ಎಣಿಸಬ್ಯಾಡ್ರಿ

ಹೋದ ವರ್ಷ ನವರಾತ್ರಿ ಘಟ್ಟ ಹಾಕೋ ಹಿಂದಿನ ದಿನ. ನಮ್ಮ ಅತ್ತಿಯವರು ಅಕ್ಕಿ ಆರಿಸಕೋತ ಕೂತವರು, "ಎಡಗಣ್ಣಿನ ಮೂಲ್ಯಾಗ ಕರೇ ಪರದಾ ಇಳಿಬಿಟ್ಟಂಗ ಕಾಣತದ ನೋಡವಾ" ಅಂದ್ರು. ಅದಕ್ಕೂ ಎರಡು ದಿನ ಮೊದಲ, ಕತ್ತಲ್ಯಾಗ ಮಿಂಚು ಹೊಡದಂಗ ಆಗತದ, ಕಣ್ಣ ಮುಂದ ಗುಂಗಾಡ ಹಾರಿದಂಗ ಆಗತದ ಅಂತನೂ ಅಂದಿದ್ರು. ಅವರಿಗೆ 76 ವರ್ಷ. ನಾ ಏನಂದೆ ಗೊತ್ತದ ಏನ್ರಿ? "ವಯಸ್ಸಾತಲ್ಲ, ಹಂಗ ಆಗತದ. ಹಬ್ಬ ಮುಗೀಲಿ, ತೋರಿಸೋಣ."

ಹಬ್ಬ ಮುಗಿಯೋದ್ರಾಗ ಹತ್ತು ದಿನ ಹೋದವು. ಪರದಾ ನಟ್ಟನಡುವಿಗೆ ಬಂದಿತ್ತು.

ಕಣ್ಣಿನ ಒಳಗ ಹಿಂದಿನ ಗ್ವಾಡಿಗೆ ಹಚ್ಚಿದ ತೆಳು ಪದರಾನ ರೆಟಿನಾ. ಕಣ್ಣಿನ ನಡುವ ಲೋಳಿಯಂಥಾದ್ದು ತುಂಬಿರತದ. ಐವತ್ತು ದಾಟಿದ ಮ್ಯಾಲೆ ಅದು ನೀರಾಗಿ, ಕುಗ್ಗಿ, ರೆಟಿನಾ ಬಿಟ್ಟು ಸರೀತದ. ಭಾಳ ಮಂದಿಗೆ ಏನೂ ಆಗೂದಿಲ್ಲ. ಕೆಲವರಿಗೆ ಸರಿಯೋ ಮುಂದ ಜಗ್ಗಿ ರೆಟಿನಾ ಹರೀತದ. ಹರದಲ್ಲಿಂದ ನೀರು ಹಿಂದ ಹೊಕ್ಕು, ಮಳಿಗಾಲದಾಗ ಗ್ವಾಡಿ ಸುಣ್ಣಾ ಹೊಪ್ಪಳಿ ಏಳತದಲ್ಲ, ಹಂಗ ಏಳತದ. ನೋವು ಒಂಚೂರೂ ಇರೂದಿಲ್ಲ. ಅದಕ್ಕ ನಾವು ಮೋಸ ಹೋಗೋದು. ಭಾಳ ಮೈನಸ್ ನಂಬರಿನ ಚಸ್ಮಾ ಇದ್ದವರು, ಪೊರಿ ಆಪರೇಶನ್ ಆದವರು, ಕಣ್ಣಿಗೆ ಪೆಟ್ಟು ಬಿದ್ದವರು ಹೆಚ್ಚು ಹುಷಾರಿರಬೇಕು. ನಮ್ಮ ಅತ್ತಿಯವರಿಗೆ ಆ ಕಣ್ಣಿನ ಪೊರಿ ಮೊದಲ ತಗಸಿತ್ತು.

ಡಾಕ್ಟರು ಕೇಳಿದ ಮೊದಲನೇ ಪ್ರಶ್ನೆ ವಯಸ್ಸಲ್ಲ, "ಪರದಾ ಕಾಣಿಸಿ ಎಷ್ಟು ದಿನ ಆತು?" ಅಂತ. ರೆಟಿನಾದ ನಡುವ ಮ್ಯಾಕುಲಾ ಅಂತ ಅದ. ಅಕ್ಷರ ಓದೋದು, ಮಾರಿ ಗುರ್ತು ಹಿಡಿಯೋದು ಎಲ್ಲಾ ಅದರಿಂದನ. ಅದು ಏಳೋದ್ರೊಳಗ ಆಪರೇಶನ್ ಆದ್ರ ದೃಷ್ಟಿ ಛಲೋ ಉಳೀತದ. ಎದ್ದ ಮ್ಯಾಲೆ ದಿನಾ ಕಳದಂಗ ಕಳಕೋತ ಹೋಗತೀವಿ.

ಮನಿಗೆ ಬಂದ್ರ ಬೀಗರು, ನೆಂಟರು ಎಲ್ಲಾರದೂ ಒಂದ ರಾಗ. "ಈ ವಯಸ್ಸಿನ್ಯಾಗ ಯಾಕ ಕೊಯ್ಸತೀರಿ? ಇನ್ನೊಂದು ಕಣ್ಣು ಅದಲ್ಲ!" ಅತ್ತಿಯವರೂ "ನನಗ್ಯಾಕ ಇಷ್ಟ ರೊಕ್ಕಾ ಸುರೀತೀರಿ" ಅನ್ನಲಿಕ್ಕೆ ಹತ್ತಿದ್ರು. ನನಗ ಸಿಟ್ಟು ಬಂತು. ಇದು ಬ್ಯಾರೆ ಮಾತಿನ್ಯಾಗ "ಮುದುಕರಿಗೆ ಒಂದ ಕಣ್ಣು ಸಾಕು" ಅಂದಂಗ ಅಲ್ಲೇನ್ರಿ?

ವಯಸ್ಸಿನ ಪರಿಣಾಮ ಇಲ್ಲ ಅಂತ ನಾ ಹೇಳೂದಿಲ್ಲ. ಹಳೇ ಕಣ್ಣು ಸುಧಾರಸಲಿಕ್ಕೆ ಟೈಮ್ ತಗೋತದ. ಶುಗರ್, ಗ್ಲಾಕೋಮಾ ಜೋಡಿಗಿದ್ದ್ರ ದೃಷ್ಟಿ ಅಷ್ಟು ಬರೂದಿಲ್ಲ. ಆದ್ರ ಹರದದ್ದನ್ನ ಕೂಡಿಸೋದು ಮುದುಕರ ಕಣ್ಣಾಗೂ ಆಗತದ. ಹತ್ತು ಮಂದ್ಯಾಗ ಎಂಟು-ಒಂಬತ್ತು ಮಂದಿಗೆ ಒಂದ ಆಪರೇಶನ್ನಿಗೆ ಕೂಡತದಂತ. ಹೆಚ್ಚಾಗಿ ಕಣ್ಣಿನ ಸುತ್ತ ಇಂಜೆಕ್ಷನ್ ಕೊಟ್ಟ ಮಾಡತಾರ, ಪೂರ್ತಿ ಎಚ್ಚರ ತಪ್ಪಸೂದಿಲ್ಲ. ಇನ್ನೊಂದು ಮಾತು ಕೇಳಿ ನಾ ದಂಗಾದೆ. ಹರೇದವರ ಕಣ್ಣಾಗ ಲೋಳಿ ಗಟ್ಟಿ ಇರತದ, ಪರದಾ ಹೆಚ್ಚಾಗಿ ಸಾವಕಾಶ ಬರತದ. ವಯಸ್ಸಾದವರ ಕಣ್ಣಾಗ ಅದು ನೀರಾಗಿರತದ, ಲಗೂನ ಹಬ್ಬತದ. ಅಂದ್ರ ಮುದುಕರಿಗೆ ಅವಸರ ಹೆಚ್ಚು! ನಾವು ಮಾಡೋದು ಉಲ್ಟಾ.

ದವಾಖಾನ್ಯಾಗ ಬಾಜೂ ಕಾಟಿನ್ಯಾಗ 81 ವರ್ಷದ ರಿಟೈರ್ಡ್ ಮಾಸ್ತರೊಬ್ಬರಿದ್ರು. ಪರದಾ ಕಂಡ ದಿನಾನ ಮಗಾ ಕರಕೊಂಡು ಬಂದಿದ್ದ. ಆಚೆ ಕಾಟಿನ್ಯಾಗ 24 ವರ್ಷದ ಹುಡುಗ. ಕಂಪ್ಯೂಟರ್ ನೋಡಿ ನೋಡಿ ಹಂಗಾಗೇದ ಅಂತ ಮೂರು ವಾರ ಬಿಟ್ಟಿದ್ದ. ತಿಂಗಳ ನಂತರ ತಪಾಸಣಿಗೆ ಹೋದಾಗ ಮಾಸ್ತರು ಆ ಕಣ್ಣಿಂದ ಪೇಪರ್ ಓದಕೋತ ಕೂತಿದ್ರು. ಆ ಹುಡುಗಗ ಎರಡನೇ ಆಪರೇಶನ್ ಆಗೋದಿತ್ತು.

ಅತ್ತಿಯವರ ಕಣ್ಣಾಗ ಗ್ಯಾಸ್ ತುಂಬಿದ್ರು. ಎಂಟು ದಿನ ಮಾರಿ ಕೆಳಗ ಮಾಡಿ ಮಲಗಬೇಕು, ಗ್ಯಾಸ್ ಕರಗೋ ತನಕ ವಿಮಾನ ಹತ್ತಬಾರದು ಅಂದ್ರು. ಎದಿ ಕೆಳಗ ಲೋಡು ಇಟ್ಟು, ಸ್ಟೂಲಿನ ಮ್ಯಾಲೆ ತಾಟು ಇಟ್ಟು ಊಟಾ ಮಾಡಸಿದ್ವಿ. ಕುತಗಿ, ಬೆನ್ನು ನೋವು ಭಾಳ ಆತು, ಆದ್ರೂ ನಡಸಿದ್ರು. ಈಗ ರೆಟಿನಾ ಕೂಡೇದ. ಆ ಕಣ್ಣಿಂದ ಮನಿ ತುಂಬ ಅಡ್ಡಾಡತಾರ, ಮೊಮ್ಮಗನ ಗುರ್ತು ಹಿಡೀತಾರ. ಸಣ್ಣ ಅಕ್ಷರ ಮಾತ್ರ ಕಾಣೂದಿಲ್ಲ, ಬಾಗಲಾ ಸೊಟ್ಟ ಕಾಣತದ ಅಂತಾರ. ಆ ಸೊಟ್ಟು ವಯಸ್ಸಿಂದಲ್ಲ, ನನ್ನ ಹತ್ತು ದಿನದ್ದು ಅಂತ ನನಗ ಅನಸತದ.

ನಿಮ್ಮ ಮನ್ಯಾಗ ಹಿರ್ಯಾರಿದ್ರ ವಾರಕ್ಕೊಮ್ಮೆ ಒಂದೊಂದ ಕಣ್ಣು ಮುಚ್ಚಿ ಗ್ವಾಡಿ ಕ್ಯಾಲೆಂಡರ್ ನೋಡಲಿಕ್ಕೆ ಹೇಳ್ರಿ. ಎರಡೂ ಕಣ್ಣು ತಗದಾಗ ಛಲೋ ಕಣ್ಣು ಕೆಟ್ಟದ್ದನ್ನ ಮುಚ್ಚಿಬಿಡತದ. ಮಿಂಚು, ಗುಂಗಾಡ, ಪರದಾ ಅಂದ್ರ ಅವತ್ತ ಕರಕೊಂಡು ಹೋಗ್ರಿ. ಘಟ್ಟ ದೀಪಾ ನೋಡಕೋಳಿಕ್ಕೆ ಮನ್ಯಾಗ ಯಾರರೆ ಒಬ್ಬರು ಇರತಾರ.