ಆರಾಧನೆಯ ಬಳಿಕದ ಕಾಫಿ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ಮೊದಲು ಕನ್ನಡದ ಮನೆಗಳನ್ನು ಅರಸುವುದು ಸಹಜ. ಆದರೆ ಪರಿಚಯ ಅಲ್ಲಿಗೇ ನಿಂತರೆ ಹೆಚ್ಚು ನಷ್ಟವಾಗುವುದು ನಮ್ಮ ಹೆಣ್ಣುಮಕ್ಕಳಿಗೆ. ಕಚೇರಿಗೆ ಹೋಗುವವರಿಗೆ ಒಡನಾಡಿಗಳು ದೊರೆಯುತ್ತಾರೆ. ಮನೆಯಲ್ಲುಳಿದವಳಿಗೆ ನೆರೆಯವರ ಹೆಸರೂ ತಿಳಿಯದೆ ದೀರ್ಘ ಚಳಿಗಾಲ ಕಳೆದುಹೋಗುತ್ತದೆ.

ಸ್ಟಾಕ್‌ಹೋಮಿನ ದಕ್ಷಿಣಕ್ಕಿರುವ ಫ್ಲೆಮಿಂಗ್ಸ್‌ಬೆರ್ಯ್, 1972ರಲ್ಲಿ ತೆರೆದ ಹುಡ್ಡಿಂಗೆ ಆಸ್ಪತ್ರೆಯಿರುವ, ನಾನಾ ದೇಶಗಳ ಜನ ನೆಲೆಸಿರುವ ಬಡಾವಣೆ. ಅಲ್ಲಿಗೆ ಬರುವ ನಮ್ಮ ಸೋದರಿಯರಿಗೆ ನನ್ನ ಸಲಹೆ ಇಷ್ಟೇ: ಚರ್ಚಿನ ಮಹಿಳೆಯರ ಪರಿಚಯ ಮಾಡಿಕೊಳ್ಳಿ. ಭಾನುವಾರದ ಆರಾಧನೆ ಮುಗಿದ ಮೇಲೆ ಸಭೆಯವರು ಕೂಡಿ ಕಾಫಿ ಕುಡಿಯುವುದು ಸ್ವೀಡನ್ನಿನ ಹಳೆಯ ವಾಡಿಕೆ. ಅನ್ಯಮತದವರೂ ಸಂಕೋಚಪಡಬೇಕಿಲ್ಲ, ಒಂದು ಬಟ್ಟಲು ಕಾಫಿಯಿಂದ ಯಾರ ಧರ್ಮವೂ ಕೆಡದು.

ಆ ಮಹಿಳೆಯರು ಬಡಿಸುವುದಕ್ಕಷ್ಟೇ ನಿಂತವರಲ್ಲ. ಸ್ವೀಡಿಷ್ ಚರ್ಚಿನಲ್ಲಿ 1960ರಲ್ಲಿ ಮೂವರು ಸ್ತ್ರೀಯರು ಮೊದಲಿಗೆ ಪಾದ್ರಿಗಳಾದರು. 2014ರಲ್ಲಿ ಆಂತ್ಯೆ ಯಾಕೆಲೇನ್ ಪ್ರಥಮ ಮಹಿಳಾ ಆರ್ಚ್‌ಬಿಷಪ್ ಆದರು. ನಮ್ಮ ದಕ್ಷಿಣ ಭಾರತ ಸಭೆಯಲ್ಲೂ 2013ರಲ್ಲಿ ಪುಷ್ಪಾ ಲಲಿತಾ ಬಿಷಪ್ ಪದವಿಗೇರಿದರು. ಮಾತು ಆರಂಭಿಸಲು ಬೇರೆ ವಿಷಯ ಬೇಕೆ?

ಆದರೆ ಸ್ನೇಹ ಒಮ್ಮುಖವಾಗಬಾರದು. ಅವರ ಕಾಫಿ ಕುಡಿದ ನಾವು, ನಮ್ಮ ಯುಗಾದಿಯ ಪಂಕ್ತಿಗೆ ಅವರನ್ನು ಹೆಸರು ಹಿಡಿದು ಕರೆಯೋಣ. ಅಂದೇ ಆ ಊರು ನಮ್ಮದೂ ಆದೀತು.