ಹಳೆಯ ಸೈಕಲ್ಲಿಗೆ ಬೆಲೆ ಕಟ್ಟುವಾಗ

ಅಜ್ಜನ ಕಾಲದ ಸೈಕಲ್ಲುಗಳಿಗೆ ಈಗ ಮತ್ತೆ ಗಿರಾಕಿ ಬಂದಿದೆ. ಕೊಟ್ಟಿಗೆಯ ಮೂಲೆಯಲ್ಲಿ ಕೋಳಿ ಕೂರಲು ಬಿಟ್ಟಿದ್ದ ರ‍್ಯಾಲಿ, ಹಂಬರ್, ಬಿ.ಎಸ್.ಎ.ಗಳನ್ನು ಗುಜರಿಯ ತೂಕಕ್ಕೆ ಕೊಂಡೊಯ್ದು, ಕಪ್ಪು ಬಣ್ಣ ಬಳಿದು, ಹೊಂಬಣ್ಣದ ಗೆರೆಯೆಳೆದು, ಹಲವು ಪಟ್ಟು ಬೆಲೆಗೆ ಮಾರುವವರಿದ್ದಾರೆ. ಮಾರುವ ಮನೆಗೂ ಕೊಳ್ಳುವ ಮನೆಗೂ ಸೈಕಲ್ಲಿನ ನಿಜವಾದ ಯೋಗ್ಯತೆ ತಿಳಿಯದಿರುವುದೇ ಈ ವ್ಯಾಪಾರದ ಬಂಡವಾಳ.

ಸೋಲಾಪುರ ಜಿಲ್ಲೆಯ ಹುಲಜಂತಿಯನ್ನು ದೀಪಾವಳಿಯ ಮಹಾಲಿಂಗರಾಯನ ಜಾತ್ರೆಯಿಂದಾಗಿ ನಮ್ಮಲ್ಲೂ ಕೆಲವರು ಬಲ್ಲರು. ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡದ ಊರು. ನೆಲ ಬಯಲು, ಮಳೆ ಕಡಿಮೆ, ಗಾಳಿ ಒಣ. ಅಂತಹ ಕಡೆಯ ಸೈಕಲ್ಲನ್ನೇ ಕೊಳ್ಳಬೇಕು, ಕರಾವಳಿಯದನ್ನು ಮುಟ್ಟಬಾರದು ಎಂದು ಬಲ್ಲವರು ಹೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಪ್ಪು ಗಾಳಿಯೂ ನಾಲ್ಕು ತಿಂಗಳ ಜಡಿಮಳೆಯೂ ನಮ್ಮ ಸೈಕಲ್ಲುಗಳನ್ನು ಒಳಗಿನಿಂದ ತಿನ್ನುತ್ತವೆ ಎಂಬುದು ನಿಜ. ಆದರೆ ಬಯಲುಸೀಮೆಯ ಸೈಕಲ್ಲು ಸುಖವಾಗಿ ಬಾಳಿತೆಂದು ಯಾರು ಹೇಳಿದರು? ಜೋಳದ ಚೀಲ, ನೀರಿನ ಕೊಡ, ಮೇವಿನ ಹೊರೆ, ಮೇಲೊಬ್ಬ ಸವಾರ. ಮಳೆ ಬಂದರೆ ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುವ ಎರೆಮಣ್ಣು. ಅಲ್ಲಿಯದಕ್ಕೆ ತುಕ್ಕಿಗಿಂತ ಹೆಚ್ಚಾಗಿ ಬಾಗು ಶತ್ರು. ಆದುದರಿಂದ ಕೊಳ್ಳುವವರು ಮೊದಲು ಕೇಳಬೇಕಾದುದು ಸೈಕಲ್ಲಿನ ಹೆಸರನ್ನಲ್ಲ, ಅದು ಎಲ್ಲಿದ್ದು ಏನು ಹೊತ್ತಿತು ಎಂಬುದನ್ನು.

ನಮ್ಮ ಅಭಿಪ್ರಾಯದಲ್ಲಿ ಹಳೆಯ ಸೈಕಲ್ಲಿನ ಬೆಲೆಯೆಂದರೆ ಫ್ರೇಮು ಮತ್ತು ಮುಂದಿನ ಫೋರ್ಕಿನ ಬೆಲೆ. ಟಯರು, ಟ್ಯೂಬು, ಕಡ್ಡಿ, ಚೈನು, ಫ್ರೀವೀಲ್ ಇವೆಲ್ಲ ಅಂಗಡಿಯಲ್ಲಿ ಸಿಗುವ ಸಾಮಾನು. 28 ಇಂಚಿನ ಟಯರಿಗೆ ಇಂದಿಗೂ ಬರವಿಲ್ಲ. ಸೊಟ್ಟಗಾದ ಫ್ರೇಮನ್ನು ಮಾತ್ರ ಯಾವ ಅಂಗಡಿಯೂ ಮೊದಲಿನಂತೆ ಮಾಡಿಕೊಡಲಾರದು.

ಬಾಗನ್ನು ಕಂಡುಹಿಡಿಯಲು ಒಂದು ನೂಲು ಸಾಕು. ಹಿಂದಿನ ಚಕ್ರದ ಅಚ್ಚು ಕೂರುವ ಒಂದು ಬದಿಯ ತುದಿಗೆ ನೂಲು ಕಟ್ಟಿ, ಹ್ಯಾಂಡಲಿನ ಕೆಳಗಿನ ಗಿಡ್ಡ ಕೊಳವೆಯನ್ನು ಬಳಸಿ, ಇನ್ನೊಂದು ಬದಿಯ ತುದಿಗೆ ಬಿಗಿಯಾಗಿ ಎಳೆದು ಕಟ್ಟಬೇಕು. ಸೀಟಿನ ಕೊಳವೆಗೂ ನೂಲಿಗೂ ನಡುವಣ ಅಂತರ ಎರಡು ಬದಿಗೂ ಒಂದೇ ಇರಬೇಕು. ಕೂದಲೆಳೆಯ ವ್ಯತ್ಯಾಸವನ್ನು ಕ್ಷಮಿಸಬಹುದು. ಒಂದು ಬೆರಳು ಒಂದು ಕಡೆ ತೂರಿ ಇನ್ನೊಂದು ಕಡೆ ತೂರದಿದ್ದರೆ ನಮಸ್ಕಾರ ಹೇಳಿ ಬರುವುದು ಲೇಸು. ಬಳಿಕ ಹ್ಯಾಂಡಲಿನ ಹಿಂದೆಯೇ, ಎರಡು ಕೊಳವೆಗಳ ಅಡಿಭಾಗದಲ್ಲಿ ಬೆರಳಾಡಿಸಿ ನೋಡಬೇಕು. ಅಲ್ಲಿ ಉಬ್ಬು ಅಥವಾ ಸುಕ್ಕು ಸಿಕ್ಕಿದರೆ ಆ ಸೈಕಲ್ಲು ಎಂದೋ ಗೋಡೆಗೋ ಎತ್ತಿನಗಾಡಿಗೋ ಢಿಕ್ಕಿ ಹೊಡೆದಿದೆ. ಹೊಸ ಬಣ್ಣ ಕಣ್ಣಿಗೆ ಮಣ್ಣೆರಚಬಹುದು, ಬೆರಳಿಗಲ್ಲ. ಇಳಿಜಾರಿನಲ್ಲಿ ಫೋರ್ಕು ಮುರಿದರೆ ಹೋಗುವುದು ಹಲ್ಲೋ ತಲೆಯೋ ಎಂಬುದನ್ನು ಶಾಲೆಗೆ ಹೋಗುವ ಮಗುವಿಗಾಗಿ ಕೊಳ್ಳುವ ತಂದೆತಾಯಂದಿರು ನೆನಪಿಡಬೇಕು. ನಮ್ಮ ಕಾಸರಗೋಡಿನ ಗುಡ್ಡದ ದಾರಿಗಳಲ್ಲಿ ಇದು ಬರಿಯ ಮಾತಲ್ಲ.

ಇನ್ನು ಕರಾವಳಿಯ ಸೈಕಲ್ಲು. ಇದರ ಸೀಟನ್ನು ಕಂಬಿಸಹಿತ ಹೊರಗೆಳೆಯಲು ಹೇಳಿ. ಕಂಬಿ ಬರಲೊಲ್ಲದಿದ್ದರೆ ಅದೇ ಒಂದು ಉತ್ತರ. ಬಂದರೆ ಒಳಗೆ ಟಾರ್ಚು ಬಿಟ್ಟು ನೋಡಿ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಸೀಟಿನ ಕೊಳವೆಯಿಂದ ಇಳಿದ ನೀರು ಪೆಡಲಿನ ಅಚ್ಚಿರುವ ಗೂಡಿನಲ್ಲಿ ನಿಲ್ಲುವುದರಿಂದ ಫ್ರೇಮು ಕೊಳೆಯುವುದು ಹೆಚ್ಚಾಗಿ ಅಲ್ಲಿಯೇ.

ಹೆಸರಿನ ಬಿಲ್ಲೆಯನ್ನು ನಂಬಿ ಮೋಸಹೋಗುವವರೇ ಹೆಚ್ಚು. ಬಿಲ್ಲೆಯನ್ನು ಯಾವ ಫ್ರೇಮಿಗೂ ಬಡಿಯಬಹುದು. ಅಲ್ಲದೆ ರ‍್ಯಾಲಿ ಎಂದಿದ್ದ ಮಾತ್ರಕ್ಕೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನದಾಗಬೇಕೆಂದಿಲ್ಲ. ಬಂಗಾಳದ ಆಸನ್‌ಸೋಲಿನಲ್ಲಿ ಸೆನ್-ರ‍್ಯಾಲಿ ಕಂಪನಿಯೂ ಆ ಹೆಸರಿನ ಸೈಕಲ್ಲು ತಯಾರಿಸುತ್ತಿತ್ತು; 1980ರಲ್ಲಿ ಅದು ರಾಷ್ಟ್ರೀಕರಣಗೊಂಡಿತು. ಸವಾರಿಗೆ ಅದೇನೂ ಕಳಪೆಯಲ್ಲ. ಆದರೆ ಇಂಗ್ಲೆಂಡಿನದೆಂದು ಹೇಳಿ ಮಾರುವುದು ವಂಚನೆ. ಹಳೆಯ ನಾಟಿಂಗ್‌ಹ್ಯಾಮ್ ರ‍್ಯಾಲಿಗಳ ಪೆಡಲ್ ಅಚ್ಚಿನ ಕಪ್ಪುಗಳಿಗೆ ಇಂಚಿಗೆ 26 ಥ್ರೆಡ್ಡು. ಸಾಮಾನ್ಯ ಅಳತೆ 24. ಅಂಗಡಿಯ ಕಪ್ಪನ್ನು ಬಲವಂತವಾಗಿ ತಿರುಗಿಸಿ ಕೂರಿಸಿ ಅಸಲಿ ಫ್ರೇಮನ್ನೇ ಹಾಳುಮಾಡಿದ ರಿಪೇರಿಗಳುಂಟು. ಮೂರು ಗೇರಿನ ಸ್ಟರ್ಮೆ-ಆರ್ಚರ್ ಹಬ್ಬಿದ್ದರೆ ಅದರ ಮೇಲೆ ತಿಂಗಳು, ವರ್ಷ ಕೊರೆದಿರುವುದು ಸಾಮಾನ್ಯ. ಒರೆಸಿ ಓದಿದರೆ ಹಬ್ಬಿನ ವಯಸ್ಸು ತಿಳಿದೀತು. ಆದರೆ ಹಬ್ಬನ್ನೂ ಬದಲಾಯಿಸಿರಬಹುದು.

ಮಾರುವ ಮನೆಯವರಿಗೂ ಒಂದು ಮಾತು. ಬಣ್ಣ ಹಚ್ಚಿಸಬೇಡಿ, ಉಜ್ಜಿಸಬೇಡಿ. ಮಾಸಿದ ಹಳೆಯ ಬಣ್ಣ, ಸವೆದ ತೊಗಲಿನ ಸೀಟು, ಪಂಚಾಯತಿಗೆ ಸೈಕಲ್ ತೆರಿಗೆ ಕಟ್ಟಿದ್ದ ಕಾಲದ ಬಿಲ್ಲೆ, ಇವುಗಳಿಗೇ ಗಿರಾಕಿ ಹಣ ಕೊಡುವುದು. ಗುಜರಿಯವನ ತಕ್ಕಡಿಗೆ ಏರಿಸುವ ಮುನ್ನ ಊರಿನ ಹಳೆಯ ಸೈಕಲ್ ರಿಪೇರಿಯವರಿಗೊಮ್ಮೆ ತೋರಿಸಿರಿ. ಫ್ರೇಮಿನ ನಂಬರು ಬರೆದ ಚೀಟಿಯೊಂದಕ್ಕೆ ಕೊಟ್ಟವರು, ಕೊಂಡವರು ಇಬ್ಬರೂ ಸಹಿ ಹಾಕಿ ಇಟ್ಟುಕೊಂಡರೆ, ಕದ್ದ ಮಾಲೆಂಬ ತಕರಾರು ನಾಳೆ ಯಾರ ಬಾಗಿಲಿಗೂ ಬರದು.