ಕಾಯಕದ ದೇಹಕ್ಕೆ ಬಂದ ನೋವು

ಶ್ರಾವಣದ ಒಂದು ಸೋಮವಾರ ಟಿ. ದಾಸರಹಳ್ಳಿಯ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಮುಗಿಸಿ ಕುಳಿತಿದ್ದೆವು. ನಲವತ್ತರ ಆಸುಪಾಸಿನ ತಾಯಿಯೊಬ್ಬರು ನಮಸ್ಕರಿಸಲು ಬಾಗಿದವರು ಅರ್ಧದಲ್ಲಿಯೇ ಗೋಡೆ ಹಿಡಿದು ನಿಂತರು. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಬಹುಕಾಲದಿಂದ ಹೊಲಿಗೆಯ ಕೆಲಸ. "ಗುರುಗಳೇ, ಮಂಡಿ ಮಡಚಲು ಆಗುವುದಿಲ್ಲ. ಲಿಂಗವನ್ನು ಎಡಗೈಯಲ್ಲಿ ಹಿಡಿದರೆ ಐದು ನಿಮಿಷಕ್ಕೆ ಭುಜ ಸೆಳೆಯುತ್ತದೆ. ಪೂಜೆಯನ್ನೇ ಬಿಟ್ಟುಬಿಟ್ಟಿದ್ದೇನೆ" ಎಂದು ಕಣ್ಣೀರಿಟ್ಟರು. ರಾತ್ರಿಯಾದರೆ ಔಷಧಿ ಅಂಗಡಿಯಿಂದ ತಂದ ನೋವಿನ ಮಾತ್ರೆ. ಹೀಗೆ ಮೂರು ವರ್ಷವಾಯಿತಂತೆ.

ನಾವು ವೈದ್ಯರಲ್ಲ. ಆದರೂ ಬಲ್ಲ ವೈದ್ಯರಿಂದ ಕೇಳಿ ತಿಳಿದುದನ್ನು ಇಂತಹ ಮನೆಗಳಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಕಾಲು ಉಳುಕಿದಾಗ ಬರುವ ನೋವು ಮನೆ ಕಾಯುವ ನಾಯಿಯಂತೆ. ಕಳ್ಳ ಬಂದಾಗ ಬೊಗಳಿ, ಆಮೇಲೆ ಸುಮ್ಮನಾಗುತ್ತದೆ. ಮೂರು ತಿಂಗಳು ಮೀರಿದ ನೋವಿನ ರೀತಿಯೇ ಬೇರೆ. ಗಾಯ ಮಾಗಿದರೂ ನರಗಳೂ ಮಿದುಳೂ ತಮ್ಮ ಎಚ್ಚರವನ್ನು ತಗ್ಗಿಸದೆ, ಎಲೆ ಅಲುಗಿದರೂ ಬೊಗಳತೊಡಗುತ್ತವೆ. ಇದು ಸುಳ್ಳು ನೋವಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ದೀರ್ಘಕಾಲದ ನೋವಿಗೆ ಪ್ರತ್ಯೇಕ ಸ್ಥಾನವೇ ದೊರೆತಿದೆ. "ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ, ಎಲ್ಲ ನಾಟಕ" ಎನ್ನುವ ಮನೆಮಂದಿ ಇದನ್ನು ಗಮನಿಸಬೇಕು.

ಎಲ್ಲ ಕೀಲುನೋವೂ ಒಂದೇ ಅಲ್ಲ. ಮಂಡಿಯ ಮೃದ್ವಸ್ಥಿ ಸವೆದು ಬರುವ ನೋವು ನಡೆದಾಗ ಹೆಚ್ಚಿ, ಕುಳಿತಾಗ ತಗ್ಗುತ್ತದೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಎರಡೂ ಕೈಗಳ ಬೆರಳ ಸಂದುಗಳು ಊದಿ, ಬೆಳಗಿನ ಬಿಗಿತ ಗಂಟೆ ಕಳೆದರೂ ಬಿಡದಿದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ದೇಹದ ರಕ್ಷಣಾಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ಈ ರೋಗಕ್ಕೆ ಮೊದಲ ತಿಂಗಳುಗಳಲ್ಲಿಯೇ ಚಿಕಿತ್ಸೆ ದೊರೆತರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಇದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ. ತಿಳಿಯದೆ ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಇನ್ನು ಮೈಯೆಲ್ಲ ನೋವು, ನಿದ್ದೆ ಮಾಡಿದರೂ ಆಯಾಸ, ಪರೀಕ್ಷೆಗಳೆಲ್ಲ ಸರಿ ಎಂಬ ಸ್ಥಿತಿಗೆ ಫೈಬ್ರೊಮಯಾಲ್ಜಿಯಾ ಎಂಬ ಹೆಸರಿದೆ. ಜ್ವರ, ತೂಕ ಇಳಿಯುವುದು ಜೊತೆಗಿದ್ದರೆ ತಡಮಾಡಬಾರದು. ಬೆನ್ನುನೋವಿನೊಡನೆ ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆ ಸೇರಬೇಕು.

ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಮೂತ್ರಪಿಂಡ ಕೆಡಬಹುದು. ಗಿಡಮೂಲಿಕೆಯದೆಂದು ಮಾರುವ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡೇ ದಿನದಲ್ಲಿ ನೋವು ಮಾಯ. ತಿಂಗಳುಗಳಲ್ಲಿ ಮುಖ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾಗುತ್ತದೆ. ಅಂಥದನ್ನು ಬಹುಕಾಲ ತೆಗೆದುಕೊಂಡವರು ಥಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನೇ ವೈದ್ಯರಿಗೆ ತೋರಿಸಿ.

ಹಾಗಾದರೆ ಮದ್ದೇನು? ಮುಖ್ಯವಾದುದು ಚಲನೆ. ತೊಡೆಯ ಸ್ನಾಯು ಬಲಗೊಂಡಷ್ಟೂ ಮಂಡಿಯ ಹೊರೆ ಇಳಿಯುತ್ತದೆ. ನೋವಿಗೆ ಹೆದರಿ ಮಲಗಿದವರ ಸ್ನಾಯು ಕರಗಿ ನೋವು ಹೆಚ್ಚುವುದೇ ಕಂಡ ಸತ್ಯ. ಆದರೆ ಅಳತೆ ಬೇಕು. ಮೈ ಹಗುರವೆನಿಸಿದ ದಿನ ವಾರದ ಬಟ್ಟೆಯನ್ನೆಲ್ಲ ಒಗೆದು, ಮರುದಿನದಿಂದ ಮೂರು ದಿನ ಹಾಸಿಗೆ ಹಿಡಿಯುವವರನ್ನು ನೋಡಿದ್ದೇವೆ. ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹಿಂದಿರುಗಿಸಿ ಬನ್ನಿರೆಂದು ಲಕ್ಕಮ್ಮನವರು ಕಳುಹಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ದೇಹದಿಂದಲೂ ಒಂದು ದಿನಕ್ಕೆ ಒಂದು ದಿನದಷ್ಟೇ ಪಡೆಯಬೇಕೆಂದು ಆ ಕಥೆಯನ್ನು ನಾವು ಓದಿಕೊಳ್ಳುತ್ತೇವೆ. ಹುಲ್ಲು ಹೊಸೆದ ನುಲಿಯ ಚಂದಯ್ಯನವರ ಬೆರಳು, ಸೌದೆ ಹೊತ್ತ ಮೋಳಿಗೆ ಮಾರಯ್ಯನವರ ಬೆನ್ನು ನೋಯಲಿಲ್ಲವೆಂದು ಯಾರು ಬಲ್ಲರು? ನೋವನ್ನು ಬಚ್ಚಿಟ್ಟು ದುಡಿಯುವುದೇ ಕಾಯಕನಿಷ್ಠೆ ಎಂಬ ಮಾತನ್ನು ಮಾತ್ರ ನಾವು ಒಪ್ಪೆವು.

ಹೊಲಿಗೆ ಯಂತ್ರದ ಮುಂದೆ ಅರ್ಧ ಗಂಟೆಗೊಮ್ಮೆ ಎದ್ದು ಮೈ ಸಡಿಲಿಸಿರೆಂದು ಹೇಳುವುದು ಸುಲಭ. ದಿನದ ಲೆಕ್ಕ ಕೇಳುವ ಮೇಲ್ವಿಚಾರಕರೆದುರು ಅದು ಕಷ್ಟವೆಂಬುದನ್ನು ಬಲ್ಲೆವು. ಕುಳಿತಲ್ಲಿಯೇ ಭುಜ ತಿರುಗಿಸಬಹುದು, ಆಸನದ ಎತ್ತರ ಸರಿಪಡಿಸಿಕೊಳ್ಳಬಹುದು. ಇ.ಎಸ್.ಐ. ಚಿಕಿತ್ಸೆಯಂತೂ ಸಂಬಳದಿಂದ ಮುರಿದ ಹಣದ ಹಕ್ಕು. 2017ರ ಜನವರಿಯಲ್ಲಿ ಅದರ ವೇತನಮಿತಿಯನ್ನು 15,000 ರೂಪಾಯಿಯಿಂದ 21,000ಕ್ಕೆ ಏರಿಸಲಾಯಿತು. ಪೀಣ್ಯದಲ್ಲಿ ಅದರ ಆಸ್ಪತ್ರೆಯಿದೆ. ರಾಜಾಜಿನಗರದಲ್ಲಿ ವೈದ್ಯಕೀಯ ಕಾಲೇಜು ಸಹಿತವಾದ ದೊಡ್ಡ ಆಸ್ಪತ್ರೆಯಿದೆ. ಆ ತಾಯಿಯ ಬಳಿಯೂ ಕಾರ್ಡು ಇತ್ತು, ಪೆಟ್ಟಿಗೆಯಲ್ಲಿ!

ಪೂಜೆಯ ಮಾತು ಉಳಿಯಿತು. ಕುರ್ಚಿಯ ಮೇಲೆ ಕುಳಿತು, ಮೊಣಕೈ ಕೆಳಗೆ ದಿಂಬಿಟ್ಟುಕೊಂಡು ಲಿಂಗವನ್ನು ನೋಡಿರಿ, ಯಾವ ದೋಷವೂ ಇಲ್ಲ ಎಂದು ಹೇಳಿ ಬಂದೆವು. ಕಾರ್ತಿಕದಲ್ಲಿ ಮತ್ತೆ ಹೋದಾಗ ಆ ತಾಯಿ ಕಂಡರು. ವೈದ್ಯರು ಭುಜ ಬಿಗಿದಿರುವುದನ್ನೂ ಮಂಡಿ ಸವೆಯತೊಡಗಿರುವುದನ್ನೂ ಗುರುತಿಸಿ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ನೋವು ಪೂರ್ತಿ ಹೋಗಿಲ್ಲ, ಆದರೆ ರಾತ್ರಿಯ ಮಾತ್ರೆ ನಿಂತಿದೆ. ಕುರ್ಚಿಯ ಪೂಜೆಗೆ ಮೊದಮೊದಲು ಮುಖ ಸಿಂಡರಿಸಿದ ಅತ್ತೆಯವರು ಈಗ ತಮಗೂ ಒಂದು ಕುರ್ಚಿ ಬೇಕೆಂದಿದ್ದಾರಂತೆ.